ಕಟ್ಟಿಗೆ ಸ್ಟೌವ್ ಚಿಮಣಿ ಒಳಗೆ ಹೊಳೆಯುವ ಕಪ್ಪು ಪದರ. ನಾನೇ ಕ್ಲೀನ್ ಮಾಡಬಹುದಾ?

ತೀರ್ಥಹಳ್ಳಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ವರ್ಮಾಂಟ್‌ನಲ್ಲಿ, ಬರ್ಲಿಂಗ್ಟನ್‌ನಿಂದ ಮುಕ್ಕಾಲು ಗಂಟೆ ದಾರಿ. ಹೋದ ವರ್ಷ ಒಂದು ಹಳೆ ಮನೆ ತಗೊಂಡೆವು. ಹಾಲ್‌ನಲ್ಲಿ ಎರಕದ ಕಬ್ಬಿಣದ ಕಟ್ಟಿಗೆ ಸ್ಟೌವ್ ಇದೆ, ಹಳೆ ಕಾಲದ್ದು. ಇಟ್ಟಿಗೆ ಚಿಮಣಿ ಒಳಗೆ 6 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಲೈನರ್ (ಹೊಗೆ ಹೋಗುವ ಒಳಕೊಳವೆ) ಇಳಿಸಿದ್ದಾರೆ. ಹಿಮ ಬಿದ್ದು ಕರೆಂಟ್ ಹೋದರೆ ಈ ಸ್ಟೌವ್ ಒಂದೇ ನಮಗೆ ಗತಿ. ಮನೆಯಲ್ಲಿ 3 ವರ್ಷದ ಮಗು ಇದೆ. ಅದಕ್ಕೇ ಇಷ್ಟು ವಿವರವಾಗಿ ಕೇಳುತ್ತಿದ್ದೇನೆ.

ರಾತ್ರಿ ಮಲಗುವ ಮುಂಚೆ ಎರಡು ದಪ್ಪ ತುಂಡು ಹಾಕಿ, ಗಾಳಿ ಬರುವ ಕಿಂಡಿ ಪೂರ್ತಿ ಮುಚ್ಚಿಬಿಡುತ್ತೇನೆ. ಊರಲ್ಲಿ ಅಮ್ಮ ಬಚ್ಚಲ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಬೆಳಗ್ಗೆ ಊದಿದರೆ ಬೆಂಕಿ ತಯಾರು. ನಾನೂ ಹಾಗೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಈಗ ಎರಡು ವಾರದಿಂದ ಸ್ಟೌವ್ ಬಾಗಿಲು ತೆಗೆದರೆ ಹೊಗೆ ಮುಖಕ್ಕೇ ಬರುತ್ತಿದೆ. ಪೈಪ್ ಜೋಡಿಸಿರುವ ಕಡೆಯಿಂದ ಕಂದು ಬಣ್ಣದ ನೀರು ಇಳಿದು ಕಲೆಯಾಗಿದೆ. ಸುಟ್ಟ ಡಾಂಬರಿನ ಥರ ವಾಸನೆ. ನಿನ್ನೆ ಸ್ಟೌವ್ ತಣ್ಣಗಾದ ಮೇಲೆ ಟಾರ್ಚ್ ಹಾಕಿ ನೋಡಿದೆ. ಕೆಳಗೆ ಪುಡಿ ಮಸಿ ಇದೆ, ಮೇಲೆ ಹೋದ ಹಾಗೆ ಗಾಜಿನಂತೆ ಹೊಳೆಯುತ್ತಿದೆ. ಚಳಿಗಾಲಕ್ಕೆ ಮುಂಚೆ ಒಬ್ಬರನ್ನು ಕರೆಸಿದ್ದೆವು. ಅವರು ಕೆಳಗಿನಿಂದಲೇ ಬಗ್ಗಿ ನೋಡಿ, ಚೆನ್ನಾಗಿದೆ ಎಂದು ಹೇಳಿ ದುಡ್ಡು ತಗೊಂಡು ಹೋದರು.

ಬ್ರಷ್ ತಂದು ನಾನೇ ಉಜ್ಜಬಹುದಾ? ಸುಟ್ಟರೆ ಚಿಮಣಿ ಕ್ಲೀನ್ ಆಗುತ್ತದೆ ಎಂದು ಅಂಗಡಿಯಲ್ಲಿ ಒಂದು ಥರದ ದಿಮ್ಮಿ ಮಾರುತ್ತಾರಲ್ಲ, ಅದು ಸಾಕಾಗುತ್ತದಾ?

ಮೇನ್ ರಾಜ್ಯದವನು:

ಮೊದಲ ಮಾತು: ಇವತ್ತು ಸ್ಟೌವ್ ಹಚ್ಚಬೇಡಿ. ಬೇರೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ.

ಆ ಹೊಳೆಯುವುದರ ಹೆಸರು ಕ್ರಿಯೊಸೋಟ್. ಕಟ್ಟಿಗೆ ಪೂರ್ತಿ ಉರಿಯದೆ ಬರೀ ಹೊಗೆಯಾದಾಗ ಆ ಹೊಗೆಯಲ್ಲಿ ಟಾರ್ ಮತ್ತು ನೀರಿನ ಆವಿ ಇರುತ್ತದೆ. ಚಿಮಣಿಯ ಗೋಡೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅದೆಲ್ಲ ಅಲ್ಲೇ ಹತ್ತಿಕೊಳ್ಳುತ್ತದೆ. ಮೊದಲು ಪುಡಿಯಾಗಿ ಕೂರುತ್ತದೆ, ಆಮೇಲೆ ಹಪ್ಪಳದಂಥ ಚೂರುಗಳಾಗುತ್ತದೆ, ಕೊನೆಗೆ ಗಾಜಿನಂಥ ಪದರ. ಮೊದಲ ಎರಡು ಬ್ರಷ್‌ಗೆ ಬರುತ್ತವೆ. ಮೂರನೆಯದು ಬರುವುದಿಲ್ಲ. ಅದಕ್ಕೆ ಪುಡಿ ಹಾಕಿ ಒಣಗಿಸುವುದೋ ತಿರುಗುವ ಸರಪಳಿಯಿಂದ ಒಡೆಯುವುದೋ, ಅದು ಕಸುಬಿನವರ ಕೆಲಸ. ಕೆಲವೊಮ್ಮೆ ಲೈನರ್ ಬದಲಾಯಿಸಬೇಕಾಗುತ್ತದೆ. ನೀವು ಕೇಳಿದ ದಿಮ್ಮಿ ಅಂಟನ್ನು ಸ್ವಲ್ಪ ಒಣಗಿಸುತ್ತದೆ ಅಷ್ಟೇ. ಉಜ್ಜಿ ತೆಗೆಯುವ ಕೆಲಸ ಹಾಗೇ ಉಳಿಯುತ್ತದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾವು ಬಂದ ಎರಡನೇ ಚಳಿಗಾಲ ನಮ್ಮ ಚಿಮಣಿಗೇ ಬೆಂಕಿ ಹತ್ತಿತು. ತಲೆ ಮೇಲೆ ವಿಮಾನ ಇಳಿಯುತ್ತಿರುವ ಹಾಗೆ ಸದ್ದು. ಪೈಪ್ ಕೆಂಪಗಾಗಿ ನಡುಗುತ್ತಿತ್ತು. ಒಳಗಿನ ಶಾಖ 1,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ನನ್ನ ಹೆಂಡತಿ ಕಿಂಡಿ, ಬಾಗಿಲು ಮುಚ್ಚಿ, ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದಳು. ನಾನು ಇಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದೆ. ಅಷ್ಟೇ ಮಾಡಬೇಕಾದ್ದು. ನೀರು ಸುರಿಯಲು ಹೋಗಬಾರದು, ಕಾದ ಎರಕದ ಕಬ್ಬಿಣ ಸಿಡಿಯುತ್ತದೆ. ಮನೆ ಉಳಿಯಿತು, ಲೈನರ್ ಹೋಯಿತು.

ಈಗ ನಿಮ್ಮ ವಿಷಯ. ಪೂರ್ತಿ ತರಬೇತಿ, ಸರ್ಟಿಫಿಕೇಟ್ ಇರುವ ಚಿಮಣಿ ಸ್ವೀಪ್ (ಚಿಮಣಿ ಕ್ಲೀನ್ ಮಾಡುವ ಕಸುಬಿನವರು) ಕರೆಸಿ. ಕೆಳಗಿನಿಂದ ನೋಡಿದರೆ ಒಪ್ಪಬೇಡಿ, ಮೇಲೆ ಹತ್ತಬೇಕು ಅಥವಾ ಕ್ಯಾಮೆರಾ ಬಿಡಬೇಕು. ಇಲ್ಲಿಯ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್‌ನ 211ನೇ ನಿಯಮಾವಳಿ ವರ್ಷಕ್ಕೊಮ್ಮೆ ಪರೀಕ್ಷೆ ಬೇಕು ಅನ್ನುತ್ತದೆ. ಪುಡಿ ಮಸಿ 3 ಮಿ.ಮೀ. ದಪ್ಪವಾದರೆ ತೆಗೆಸಬೇಕು. ಹೊಳಪು ಕಂಡರೆ ದಪ್ಪ ಅಳೆಯುತ್ತಾ ಕೂರಬಾರದು.

ಕಂದು ನೀರು ಸೋರುವುದಕ್ಕೆ ಒಂದು ಕಾರಣ ಇರಬಹುದು. ಪೈಪಿನ ಒಂದು ತುದಿ ಸುಕ್ಕು ಸುಕ್ಕಾಗಿರುತ್ತದೆ, ನೋಡಿದ್ದೀರಾ? ಆ ತುದಿ ಕೆಳಮುಖವಾಗಿ, ಸ್ಟೌವ್ ಕಡೆಗೆ ಇರಬೇಕು. ಆಗ ಇಳಿದದ್ದು ಒಳಗೇ ಬೀಳುತ್ತದೆ. ತಲೆಕೆಳಗಾಗಿ ಜೋಡಿಸಿದ್ದರೆ ಹೊರಗೆ ಸೋರುತ್ತದೆ. ಪ್ರತಿ ಜೋಡಣೆಗೆ ಮೂರು ಸ್ಕ್ರೂ ಇದೆಯಾ ಅಂತಲೂ ನೋಡಿಸಿ.

ಮುಂದಿನ ವರ್ಷದಿಂದ ಪುಡಿ ಮಸಿಯನ್ನು ನೀವೇ ತೆಗೆಯಬಹುದು. ಸ್ಟೀಲ್ ಲೈನರ್‌ಗೆ ಪ್ಲಾಸ್ಟಿಕ್ ನಾರಿನ ಬ್ರಷ್ಷೇ ತಗೊಳ್ಳಿ, ಕಬ್ಬಿಣದ ತಂತಿಯದು ಗೀರುತ್ತದೆ. ತಿರುಪಿನ ಕೋಲುಗಳಾದರೆ ಯಾವಾಗಲೂ ಬಿಗಿಯಾಗುವ ದಿಕ್ಕಿಗೇ ತಿರುಗಿಸಬೇಕು. ತಪ್ಪಿ ಹಿಂದಕ್ಕೆ ತಿರುಗಿಸಿದರೆ ಬಿಚ್ಚಿಕೊಂಡು ಬ್ರಷ್ ಮೇಲೇ ಉಳಿಯುತ್ತದೆ.

ಇನ್ನು ಕಟ್ಟಿಗೆ. ಯಾವಾಗ ತಂದದ್ದು? ಒಂದು ತುಂಡನ್ನು ಸೀಳಿ, ಸೀಳಿದ ಹೊಸ ಮುಖಕ್ಕೆ ತೇವದ ಮೀಟರ್ ಚುಚ್ಚಿ. ತುದಿಗೆ ಚುಚ್ಚಿದರೆ ಸುಳ್ಳು ಲೆಕ್ಕ ಬರುತ್ತದೆ. ತೇವ ಶೇಕಡಾ 20ಕ್ಕಿಂತ ಕೆಳಗಿರಬೇಕು.

ಶಿರಸಿ ಅತ್ತೆ:

ತಂಗೀ, ನಾನು ಅಮೆರಿಕ ನೋಡಿಲ್ಲ. ಆದರೆ ಬಚ್ಚಲ ಒಲೆ, ಹಂಡೆ, ಚಿಮಣಿ ಜೊತೆ 40 ವರ್ಷ ಕಳೆದಿದ್ದೇನೆ. ನಿನ್ನ ಪ್ರಶ್ನೆಯಲ್ಲಿ ಒಂದು ಮಾತು ನನಗೆ ಚುಚ್ಚಿತು.

ಅಮ್ಮ ಮುಚ್ಚಿದ್ದು ಕೆಂಡ. ನೀನು ಮುಚ್ಚುತ್ತಿರುವುದು ಕಟ್ಟಿಗೆ.

ಎರಡೂ ಒಂದೇ ಅಲ್ಲ. ಕೆಂಡ ಆಗುವ ಹೊತ್ತಿಗೆ ಕಟ್ಟಿಗೆಯ ಹೊಗೆ, ನೀರು ಎಲ್ಲ ಹೋಗಿರುತ್ತದೆ. ಬೂದಿ ಹೊದೆಸಿದರೆ ಸುಮ್ನೆ ಮಲಗಿರುತ್ತದೆ, ಮಸಿ ಕಟ್ಟುವುದಿಲ್ಲ. ಹಸಿ ತುಂಡು ಹಾಕಿ ಗಾಳಿ ನಿಲ್ಲಿಸಿದರೆ ರಾತ್ರಿಯೆಲ್ಲ ಕುಮುಲುತ್ತದೆ. ಆ ಹೊಗೆ ಹೋಗಿ ಕೂರುವುದು ಚಿಮಣಿಯಲ್ಲೇ ಅಲ್ವಾ?

ಇನ್ನೊಂದು. ನಮ್ಮ ಬಚ್ಚಲಿಗೆ ಹೆಂಚಿನ ಸಂದಿಯಿಂದ ಗಾಳಿ ಆಡುತ್ತದೆ. ನಿಮ್ಮ ಮನೆ ಬಿಗಿ ಮುಚ್ಚಿದ ಮನೆ. ಕೆಂಡಕ್ಕೆ ಹೊಗೆ ಇಲ್ಲ, ಆದರೆ ವಿಷದ ಗಾಳಿ ಇದೆ. ವಾಸನೆಯೂ ಬರುವುದಿಲ್ಲ. ನನ್ನ ಮಗ ಹೇಳುತ್ತಾನೆ, ಕಾರ್ಬನ್ ಮಾನಾಕ್ಸೈಡ್‌ಗೆ ಕೂಗುವ ಅಲಾರಂ ಸಿಗುತ್ತದಂತೆ. ಮಗು ಮಲಗುವ ಕೋಣೆ ಹತ್ತಿರ ಒಂದು ಇಡು.

ನಮ್ಮ ಅಡುಗೆಮನೆಯಲ್ಲಿ ಇರುವುದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ ಒಲೆ. ಹಾಕಿಸಿದ ಹೊಸದರಲ್ಲಿ ಅಡುಗೆಮನೆಗೆ ಹೊಗೆಯೇ ಇರಲಿಲ್ಲ. ಚಿಮಣಿ ಉಜ್ಜುವುದು ಬಿಟ್ಟೆವು ನೋಡು, ಹೊಗೆ ವಾಪಸ್ ಬಂತು. ಈಗ ಹಗ್ಗಕ್ಕೆ ತೆಂಗಿನ ನಾರಿನ ಗಂಟು ಕಟ್ಟಿ, ಕೆಳಗೊಂದು ಕಲ್ಲು ಕಟ್ಟಿ, ಮೇಲಿನಿಂದ ಇಳಿಸಿ ಎಳೆಯುತ್ತೇವೆ. ಮಳೆಗಾಲದ ಕಟ್ಟಿಗೆಯನ್ನು ಬೇಸಿಗೆಯಲ್ಲೇ ಸೀಳಿ ಒಣಗಿಸಿ ಒಳಗೆ ಪೇರಿಸುತ್ತೇವೆ. ಮಳೆ ಬಂದ ಮೇಲೆ ಒಣಗಿಸುವ ಮಾತೇ ಇಲ್ಲ.

ತೀರ್ಥಹಳ್ಳಿ ಹುಡುಗಿ:

ಹನ್ನೊಂದು ದಿನ ಆಯಿತು. ಇಬ್ಬರಿಗೂ ಮನಸಾರೆ ಥ್ಯಾಂಕ್ಸ್.

ಸ್ವೀಪ್ ಇಬ್ಬರು ಬಂದರು, ಅದರಲ್ಲಿ ಒಬ್ಬರು ಹೆಂಗಸು. ಅವರೇ ಮೇಲೆ ಹತ್ತಿದರು. ಚಿಮಣಿ ತುದಿಯ ಕ್ಯಾಪ್‌ಗೆ ಹಾಕಿದ ಜಾಲರಿ ಮುಕ್ಕಾಲು ಪಾಲು ಕಟ್ಟಿಹೋಗಿತ್ತು. ಹೊಗೆ ಒಳಗೆ ಬರುತ್ತಿದ್ದುದು ಅದಕ್ಕೇ. ಸ್ಟೌವ್ ಒಳಗೆ ಮೇಲ್ಭಾಗದಲ್ಲಿ ಒಂದು ಅಡ್ಡ ತಟ್ಟೆ ಇದೆ, ಬ್ಯಾಫಲ್ ಅನ್ನುತ್ತಾರೆ. ಅದನ್ನು ಬಿಚ್ಚಿ ತೋರಿಸಿದರು. ಅದರ ಮೇಲೆ ಮಸಿ ಗುಡ್ಡೆ ಬಿದ್ದಿತ್ತು. ಹೊಳೆಯುವ ಪದರ ಮೇಲಿನ ನಾಲ್ಕು ಅಡಿಯಲ್ಲಿ ಮಾತ್ರ ಇತ್ತು. ಎರಡು ಸಲ ಬಂದು ತೆಗೆದರು, ಕ್ಯಾಮೆರಾ ಬಿಟ್ಟು ನೋಡಿದರು. ಲೈನರ್ ಉಳಿಯಿತು. ಪೈಪ್ ಹೌದು, ತಲೆಕೆಳಗಾಗಿಯೇ ಜೋಡಿಸಿದ್ದರು.

ಕಟ್ಟಿಗೆ ಸೆಪ್ಟೆಂಬರ್‌ನಲ್ಲಿ ತಂದದ್ದು. ಒಣಗಿದೆ ಎಂದೇ ಮಾರಿದ್ದರು. ಸೀಳಿ ಮೀಟರ್ ಚುಚ್ಚಿದರೆ 31. ಉರಿಯುವಾಗ ತುದಿಯಲ್ಲಿ ನೊರೆ ಬರುತ್ತಿದ್ದುದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ. ಈಗ ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಕಟ್ಟಿಗೆ ಸ್ವಲ್ಪ ತಂದಿದ್ದೇವೆ, ದುಬಾರಿ. ಹಳೆಯದನ್ನು ಬಿಸಿಲು ಬೀಳುವ ಕಡೆ ಪೇರಿಸಿ, ಮೇಲೆ ಮಾತ್ರ ತಗಡು ಹೊದೆಸಿ, ಪಕ್ಕ ತೆರೆದಿಟ್ಟಿದ್ದೇವೆ. ಅದರಲ್ಲಿ ಓಕ್ ಜಾಸ್ತಿ ಇದೆ, ಎರಡು ಬೇಸಿಗೆ ಬೇಕಂತೆ.

ಅತ್ತೆ, ಅಮ್ಮನಿಗೆ ಫೋನ್ ಮಾಡಿ ನಿಮ್ಮ ಮಾತು ಓದಿ ಹೇಳಿದೆ. "ಉರಿ ಇಳಿಯೋವರೆಗೂ ನಾನು ಬೂದಿ ಮುಟ್ಟುತ್ತಲೇ ಇರಲಿಲ್ಲ, ನೀನು ಆಗ ನಿದ್ದೆ ಹೋಗಿರುತ್ತಿದ್ದೆ" ಅಂದರು. ನಾನು ನೋಡಿದ್ದು ಮುಚ್ಚುವುದನ್ನು ಮಾತ್ರ. ಅವರು ಕಾಯುತ್ತಿದ್ದುದನ್ನು ನೋಡಿರಲಿಲ್ಲ.

ಅಲಾರಂ ಎರಡು ತಂದೆವು. ಒಂದು ಕೊನೆ ಪ್ರಶ್ನೆ: ಬೂದಿಯನ್ನು ಮಾರನೇ ದಿನ ಕಸದ ಡಬ್ಬಕ್ಕೆ ಹಾಕಬಹುದಲ್ಲ?

ಮೇನ್ ರಾಜ್ಯದವನು:

ಬೇಡ. ಬೂದಿಯೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಲೋಹದ ಬಕೆಟ್‌ಗೆ ಹಾಕಿ, ಮನೆಯಿಂದ ದೂರ ಕಲ್ಲಿನ ಮೇಲೋ ಬರಿ ನೆಲದ ಮೇಲೋ ಇಡಿ. ಮರದ ಜಗುಲಿ ಮೇಲೆ ಇಡಬೇಡಿ. ನಾವು ಒಂದು ವಾರ ಬಿಟ್ಟು, ಕೈಯಿಂದ ಅಲ್ಲ, ಕಬ್ಬಿಣದ ಸೌಟಿನಿಂದ ತಳದವರೆಗೆ ಕೆದಕಿ ನೋಡಿ, ಆಮೇಲೆ ತೋಟಕ್ಕೆ ಹಾಕುತ್ತೇವೆ.