ಪಗ್‌ ನಾಯಿ ಸೆಕೆಗೆ ತೇಕುತ್ತಿದೆ, ಒದ್ದೆ ಬೈರಾಸು (ಟವೆಲ್) ಹೊದಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಂಗಳೂರು. ಪಗ್, 5 ವರ್ಷ, 11 ಕೆ.ಜಿ. ಸಂಜೆ 5ಕ್ಕೆ ವಾಕಿಂಗ್ ಹೊರಟರೆ ಹತ್ತೇ ನಿಮಿಷಕ್ಕೆ ಗೊರಗೊರ ಅಂತ ತೇಕುತ್ತದೆ. ಫೋನಲ್ಲಿ ನೋಡಿದರೆ ಬರೀ 33 ಡಿಗ್ರಿ. ಕಲಬುರಗಿಯಲ್ಲಿ 42 ಇದ್ದರೂ ಅಕ್ಕನ ಮನೆಯ ಮುಧೋಳ ನಾಯಿ ಆರಾಮಾಗಿದೆ. ಹೀಟ್ ಸ್ಟ್ರೋಕ್ ಆದರೆ ಒದ್ದೆ ಬೈರಾಸು ಹೊದಿಸಿ ಆಸ್ಪತ್ರೆಗೆ ಓಡಿದರೆ ಸಾಕಾ?

ಪಶುವೈದ್ಯೆ: ಸಾಲದು. ಬೈರಾಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

33 ಅನ್ನುವ ಅಂಕಿ ಬಿಡಿ, ಸೆಕೆ ನೋಡಿ. ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಲ್ಲಿ, ಅದು ಯಾತಕ್ಕೂ ಸಾಲದು. ನಾಲಿಗೆಯ, ಮೂಗಿನೊಳಗಿನ ತೇವ ಆರಿದರೇ ಮೈ ತಣಿಯುವುದು. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವಾಗ ಆರುವುದೆಲ್ಲಿಂದ? ತೇಕುವುದೂ ಸ್ನಾಯುಗಳ ದುಡಿಮೆಯೇ, ಅದರಿಂದ ಇನ್ನಷ್ಟು ಶಾಖ ಹುಟ್ಟುತ್ತದೆ. ಪಗ್‌ಗೆ ಹೊಳ್ಳೆ ಕಿರಿದು, ಅಂಗುಳಿನ ಮೆತ್ತನೆ ಭಾಗ ಉದ್ದ. ಜೋರಾಗಿ ಉಸಿರೆಳೆದಷ್ಟೂ ಗಂಟಲು ಬಾತು ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ಮೇಲಿಂದ ತೂಕ: ಪಗ್ 6ರಿಂದ 8 ಕೆ.ಜಿ. ಇರಬೇಕು. ಗೊರಗೊರ ಸದ್ದನ್ನು ಮುದ್ದು ಅಂದುಕೊಳ್ಳಬೇಡಿ, ಒಮ್ಮೆ ಗಂಟಲು ಪರೀಕ್ಷೆ ಮಾಡಿಸಿ. ಕುತ್ತಿಗೆಪಟ್ಟಿ ಬಿಟ್ಟು ಹಾರ್ನೆಸ್ ಹಾಕಿ. ವಾಕಿಂಗ್ ಬೆಳಿಗ್ಗೆ 6ಕ್ಕೇ ಮುಗಿಯಲಿ. ಸಂಜೆ 5ಕ್ಕೆ ಡಾಂಬರು ಇನ್ನೂ ಕಾದಿರುತ್ತದೆ, ಹಿಂಗೈಯನ್ನು 7 ಸೆಕೆಂಡ್ ಇಟ್ಟು ನೋಡಿ.

ಮುಧೋಳಕ್ಕೆ ಉದ್ದ ಮೂತಿ, ತೆಳು ಮೈ, ಗಿಡ್ಡ ಕೂದಲು. ಹಾಗಂತ ಬಿಸಿಲಲ್ಲಿ ಓಡಿಸಿದರೆ ಅದೂ ಬೀಳುತ್ತದೆ. ಬ್ರಿಟನ್ನಿನ ಪಶುವೈದ್ಯ ದಾಖಲೆಗಳಲ್ಲಿ, ಕಾರಣ ಗೊತ್ತಾದ ಹೀಟ್ ಸ್ಟ್ರೋಕ್ ಪ್ರಕರಣಗಳ ಪೈಕಿ ಸುಮಾರು ಮುಕ್ಕಾಲು ಪಾಲು ಓಟ-ಆಟದಿಂದಲೇ ಆದದ್ದು. ಮುಚ್ಚಿದ ಕಾರಿನದು ಅದಕ್ಕಿಂತ ಎಷ್ಟೋ ಕಡಿಮೆ.

ಈಗ ಬೈರಾಸು. ಹೊದಿಸಿದರೆ ಸ್ವಲ್ಪ ಹೊತ್ತಿಗೇ ಅದು ಮೈ ಬಿಸಿಗೆ ಕಾದು ಕಂಬಳಿ ಆಗುತ್ತದೆ, ಶಾಖ ಒಳಗೇ ಉಳಿಯುತ್ತದೆ. ಬೇಕಾದರೆ ನೆಲಕ್ಕೆ ಹಾಸಿ. ತೂರಾಟ, ಅಂಟು ಜೊಲ್ಲು, ಒಸಡು ಕಡುಗೆಂಪು ಅಥವಾ ನೀಲಿ, ವಾಂತಿ, ಕುಸಿತ ಕಂಡರೆ ಮೊದಲು ತಣಿಸಿ, ಆಮೇಲೆ ಕಾರು ಹತ್ತಿಸಿ. ನೆರಳಿಗೆ ತಂದು ಕತ್ತು, ಕಂಕುಳು, ಹೊಟ್ಟೆ, ತೊಡೆಸಂದಿಗೆ ಬಿಡದೆ ನೀರು ಸುರಿಯಿರಿ, ಕೂದಲ ಬುಡಕ್ಕೆ ಇಳಿಯಬೇಕು. ಜೊತೆಗೆ ಫ್ಯಾನ್. ಟಬ್ಬಿನಲ್ಲಿ ಮುಳುಗಿಸುವುದು ಎಳೆಯ, ಗಟ್ಟಿಮುಟ್ಟಾದ ನಾಯಿಗೆ ಸರಿ. ಪಗ್‌ಗೆ, ಮುದಿ ನಾಯಿಗೆ ಸುರಿಯುವುದೇ ಲೇಸು. ಎಚ್ಚರ ಇದ್ದು ತಾನೇ ಕುಡಿದರೆ ಸರಿ, ಬಾಯಿಗೆ ಸುರಿದರೆ ಶ್ವಾಸಕೋಶಕ್ಕೆ ಹೋದೀತು. ಡಿಜಿಟಲ್ ಥರ್ಮಾಮೀಟರಿಗೆ ವ್ಯಾಸಲೀನ್ ಸವರಿ ಗುದದಲ್ಲಿ 2 ಸೆಂ.ಮೀ. ಇಡಿ. ನಾಯಿಯ ಸಹಜ ಬಿಸಿ 101ರಿಂದ 102.5 ಫ್ಯಾರನ್‌ಹೀಟ್. 103ಕ್ಕೆ ಇಳಿದೊಡನೆ ನೀರು ನಿಲ್ಲಿಸಿ, ಇಲ್ಲದಿದ್ದರೆ ತೀರಾ ಕೆಳಗಿಳಿಯುತ್ತದೆ. ಥರ್ಮಾಮೀಟರ್ ಹುಡುಕುತ್ತಾ ತಣಿಸುವುದನ್ನು ತಡಮಾಡಬೇಡಿ. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ, ಎಸಿ ಹಾಕಿ ಅಥವಾ ಗಾಜು ಇಳಿಸಿ.

ಸದಸ್ಯ: ಮೇಡಂ, ತಣ್ಣೀರು ಹಾಕಿದರೆ ರಕ್ತನಾಳ ಮುಚ್ಚಿಕೊಂಡು ಶಾಖ ಒಳಗೇ ಉಳಿಯುತ್ತದೆ, ಉಗುರುಬೆಚ್ಚಗಿನ ನೀರೇ ಹಾಕಬೇಕು ಅಂತಾರಲ್ಲ?

ಪಶುವೈದ್ಯೆ: ಅದು ಹಳೇ ಸಲಹೆ, ಈಗ ಕೈಬಿಟ್ಟಿದ್ದಾರೆ. ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಆದೀತು. ಏಪ್ರಿಲ್-ಮೇನಲ್ಲಿ ತಾರಸಿ ಟ್ಯಾಂಕಿನ ನೀರು ಸುಡುತ್ತಿರುತ್ತದೆ, ಕೈಯಿಟ್ಟು ನೋಡಿ. ಬಾವಿ ನೀರಿದ್ದರೆ ಅದೇ ಬೆಸ್ಟ್.

ಸದಸ್ಯೆ: ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಕೊಡಬಹುದಾ? ನಮ್ಮ ಹಸ್ಕಿಯ ಕೂದಲು ಬೋಳಿಸಲಾ?

ಪಶುವೈದ್ಯೆ: ಎರಡೂ ಬೇಡ. ಇದು ಜ್ವರವಲ್ಲ, ಮಾತ್ರೆಗೆ ಇಳಿಯುವುದಿಲ್ಲ. ಮೊದಲೇ ಏಟು ತಿಂದ ಯಕೃತ್ತಿಗೆ ಇನ್ನೊಂದು ಏಟು ಅಷ್ಟೇ. ಹಸ್ಕಿಗೆ ಒಳಪದರದ ಉದುರುಗೂದಲನ್ನು ಬಾಚಿ ತೆಗೆಯಿರಿ ಸಾಕು, ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ.

ಪ್ರಶ್ನೆ ಕೇಳಿದವರು: ತಣಿಸಿದ ಮೇಲೆ ಬಾಲ ಅಲ್ಲಾಡಿಸಿದರೆ ಆಸ್ಪತ್ರೆ ತಪ್ಪಿಸಬಹುದಾ?

ಪಶುವೈದ್ಯೆ: ಕುಸಿದು ಎದ್ದ ನಾಯಿ ಅಂದರೆ ತಪ್ಪಿಸಲೇಬೇಡಿ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ, ಕಿಡ್ನಿ ಕೆಡುವುದು 1ರಿಂದ 3 ದಿನ ಬಿಟ್ಟೂ ಕಾಣಿಸಬಹುದು. ರಕ್ತಪರೀಕ್ಷೆ ಅವತ್ತೂ ಬೇಕು, ಮರುದಿನವೂ ಬೇಕು. ಮನೆಯಲ್ಲಿ ಒಸಡು, ಹೊಟ್ಟೆ ಚರ್ಮದ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಕಪ್ಪು ಮಲ, ಕಾಫಿ ಬಣ್ಣದ ಮೂತ್ರ ಕಂಡರೆ ರಾತ್ರಿಯಾದರೂ ಹೊರಡಿ.