1930ರ ಕಾಲದ ಮನೆ ರಿಪೇರಿ: ಯಾವುದನ್ನು ಉಳಿಸಬೇಕು, ಯಾವುದನ್ನು ಕಿತ್ತು ಹಾಕಬಹುದು?

ಅಟ್ಟದಮೇಲೆ:
ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, 1930ರ ಆಸುಪಾಸಿನಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡಿದ್ದೇವೆ. ಮೂಲೆಗಳು ದುಂಡಗಿವೆ. ಕಿಟಕಿಗಳ ಮೇಲೆ ಉದ್ದಕ್ಕೂ ತೆಳ್ಳಗಿನ ಕಾಂಕ್ರೀಟ್ ಸಜ್ಜಾ, ಸಣ್ಣ ಸಣ್ಣ ಗಾಜಿನ ಮರದ ಕಿಟಕಿ, ಒಳಗೆ ಅಂಚು ಕಟ್ಟಿದ ಮೊಸಾಯಿಕ್ ನೆಲ. ಇದನ್ನೆಲ್ಲ ನೋಡಿಯೇ ಮನೆ ಇಷ್ಟವಾಗಿದ್ದು. ಆದರೆ ಗೋಡೆಗಳ ಬುಡದಲ್ಲಿ ತೇವ ಇದೆ, ಗಾರೆ ಪುಡಿಪುಡಿಯಾಗಿ ಉದುರುತ್ತಿದೆ, ವೈರಿಂಗ್ ಯಾವ ಕಾಲದ್ದೋ ಗೊತ್ತಿಲ್ಲ, ಅಡುಗೆಮನೆ ಹಿಂದೆ ಕತ್ತಲಲ್ಲಿದೆ.

ಬಂದು ನೋಡಿದ ಕಂಟ್ರಾಕ್ಟರ್ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟರು. ಗಾರೆ ಕಿತ್ತು ಸಿಮೆಂಟ್, ಕಿಟಕಿ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ, ನೆಲದ ಮೇಲೆ ಟೈಲ್ಸ್, ಅಡುಗೆಮನೆ ಗೋಡೆ ಒಡೆದು ಹಾಲ್‌ಗೆ ಸೇರಿಸುವುದು. ಇಷ್ಟೆಲ್ಲ ಮಾಡಿದ ಮೇಲೆ ಹಳೇ ಮನೆ ಕೊಂಡಿದ್ದು ಯಾಕೆ ಅಂತ ನನಗೆ. ಮ್ಯೂಸಿಯಂನಲ್ಲಿ ವಾಸ ಮಾಡಲು ಆಗುವುದಿಲ್ಲ ಅಂತ ನಮ್ಮ ಮನೆಯವರು. ಅದೂ ಸರಿಯೇ ಅಲ್ವಾ? ಯಾವುದನ್ನು ಮುಟ್ಟಬಾರದು, ಯಾವುದನ್ನು ಧೈರ್ಯವಾಗಿ ಬದಲಾಯಿಸಬಹುದು, ತಿಳಿದವರು ಹೇಳಿ.

ಕರಣೆ_ಮಟ್ಟಗೋಲು:
ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ, ಉಳಿದದ್ದು ಆಮೇಲೆ. ಇಷ್ಟು ವರ್ಷದಲ್ಲಿ ಹೊರಗಿನ ಅಂಗಳ ಸ್ವಲ್ಪ ಸ್ವಲ್ಪವೇ ಎತ್ತರ ಆಗಿರುತ್ತದೆ. ಒಬ್ಬರು ಕಲ್ಲು ಹಾಸಿರುತ್ತಾರೆ, ಅದರ ಮೇಲೆ ಇನ್ನೊಬ್ಬರು ಕಾಂಕ್ರೀಟ್ ಸುರಿದಿರುತ್ತಾರೆ. ಗೋಡೆಯ ಬುಡದಲ್ಲಿ ತೇವ ತಡೆಯುವ ಪದರ ಇದ್ದರೆ, ಹೊರಗಿನ ನೆಲ ಅದಕ್ಕಿಂತ 150 ಮಿ.ಮೀ. ಕೆಳಗಾದರೂ ಇರಬೇಕು. ಅದನ್ನು ದಾಟಿ ಮಣ್ಣು ಏರಿದ್ದರೆ ಒಳಗೆ ಏನು ಬಳಿದರೂ ದಂಡ. ಮಳೆನೀರಿನ ಪೈಪು, ಅದರ ಜಾಯಿಂಟು, ಹತ್ತಿರದ ಚರಂಡಿ ಇವನ್ನೂ ನೋಡಿ.

ಇನ್ನು ಗಾರೆ. ಆ ಕಾಲದ ಮನೆಗಳಲ್ಲಿ ಒಂದು ವಿಶೇಷ ಇದೆ. ಸುಣ್ಣ ಹಿಂದೆ ಸರಿದು ಸಿಮೆಂಟ್ ಮುಂದೆ ಬರುತ್ತಿದ್ದ ದಿನಗಳು ಅವು, ಹಾಗಾಗಿ ಒಂದೇ ಮನೆಯಲ್ಲಿ ಗೋಡೆ ಸುಣ್ಣದ ಗಾರೆಯಲ್ಲೂ ಸಜ್ಜಾ, ಬಾಲ್ಕನಿ ಕಾಂಕ್ರೀಟಿನಲ್ಲೂ ಇರಬಹುದು. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಇಟ್ಟಿಗೆ ಸಂದಿಯನ್ನು ಚಾಕುವಿನಿಂದ ಕೆರೆದು ನೋಡಿ. ಸುಲಭವಾಗಿ ಉದುರಿ, ನಡುವೆ ಬಿಳಿ ಸುಣ್ಣದ ಚೂರು ಕಂಡರೆ ಅದು ಸುಣ್ಣದ್ದೇ. ಅಂಥ ಗೋಡೆ ತನ್ನೊಳಗಿನ ತೇವವನ್ನು ಮೇಲ್ಮೈಯಿಂದಲೇ ಹೊರಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಸಿಮೆಂಟ್ ಮುಗಿದ ಜಾಗದಿಂದ ಮೇಲೆ ಉಪ್ಪಿನ ಸಮೇತ ಹೊರಬರುತ್ತದೆ. ಪ್ಲಾಸ್ಟಿಕ್ ಪೇಂಟ್ ಕಥೆಯೂ ಅದೇ. ಸುಣ್ಣ ಹೊಡೆಸಿ, ಇಲ್ಲಾಂದ್ರೆ ತೇವ ಹೊರಗೆ ಬಿಡುವ ಸಿಲಿಕೇಟ್ ಪೇಂಟ್.

ಪೂರ್ತಿ ಕೀಳುವ ಅಗತ್ಯವೂ ಇರುವುದಿಲ್ಲ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಮಾತ್ರ ಕಿತ್ತು ಸುಣ್ಣದ ಗಾರೆಯಲ್ಲೇ ತೇಪೆ ಹಾಕಿಸಿ. ನೀರು ಬರುವುದು ನಿಂತ ಮೇಲೂ ಗೋಡೆ ಒಣಗಲು ಟೈಮ್ ಬೇಕು. 25 ಮಿ.ಮೀ. ದಪ್ಪಕ್ಕೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ. ಕಂಟ್ರಾಕ್ಟರ್‌ಗಳಿಗೆ ಅಷ್ಟು ಕಾಯಲು ಆಗುವುದಿಲ್ಲ, ಅದೇ ಗೋಳು.

ಆ ಸಜ್ಜಾದ ಅಡಿಭಾಗವನ್ನೂ ನೋಡಿ. ಆಗ ಕಂಬಿಯ ಮೇಲೆ ತೆಳ್ಳಗೆ ಕಾಂಕ್ರೀಟ್ ಮುಚ್ಚುತ್ತಿದ್ದದ್ದೇ ಜಾಸ್ತಿ. ಕಾಲ ಕಳೆದಂತೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಕ್ಷಾರವನ್ನು ಕಳೆಯುತ್ತದೆ, ಕಂಬಿಗೆ ರಕ್ಷಣೆ ಹೋಗುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತದೆ. ಕಂದು ಗೆರೆ ಅಥವಾ ಬಿರುಕು ಕಂಡರೆ ಮೇಲೆ ಸಿಮೆಂಟ್ ಸವರಿ ಮುಚ್ಚಬೇಡಿ. ಕಂಬಿಯ ಹಿಂದಿನ ತನಕ ಬಿಡಿಸಿ, ತುಕ್ಕು ತೆಗೆದು, ಆಮೇಲೆ ತುಂಬಬೇಕು.

ಸುಮ್ನೆ_ಓದುಗ:
ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಯನ್ನು ಹುಡುಕುವುದೇ ದೊಡ್ಡ ಕೆಲಸ. ಗೋಡೆಗೆ ಅದು ಬೇಕು ಅಂದರೆ ಸರಿ, ಒಪ್ಪಿದೆ. ಕಿಟಕಿಗೆ ಯಾಕೆ ಇಷ್ಟು ಮಮತೆ? ಗಾಳಿ ನುಗ್ಗುತ್ತದೆ, ಶಬ್ದ ಬರುತ್ತದೆ, ಆಗಾಗ ಬಣ್ಣ ಹೊಡೆಸಬೇಕು. ಯುಪಿವಿಸಿ ಹಾಕಿ ನೆಮ್ಮದಿಯಾಗಿರಿ.

ಉಳಿ_ಬಾಚಿ:
ಓದುಗರೇ, ಆ ಮನೆಯ ಮುಖವೇ ಕಿಟಕಿ. ಯುಪಿವಿಸಿ ಚೌಕಟ್ಟು ದಪ್ಪ, ಗಾಜಿನ ಜಾಗ ಕಡಿಮೆಯಾಗುತ್ತದೆ, ಸಣ್ಣ ಗಾಜುಗಳ ನಡುವಿನ ತೆಳ್ಳನೆ ಪಟ್ಟಿಗಳು ಹೋಗಿಬಿಡುತ್ತವೆ. ಗಾಜಿನ ಮೇಲೆ ಅಂಟಿಸಿದ ಸುಳ್ಳು ಪಟ್ಟಿ ದೂರದಿಂದಲೇ ಗೊತ್ತಾಗುತ್ತದೆ.

ಮರದ ಕಿಟಕಿ ಇಡಿಯಾಗಿ ಕೆಡುವುದು ಅಪರೂಪ. ನೀರು ನಿಲ್ಲುವ ಕೆಳಗಿನ ಅಡ್ಡಪಟ್ಟಿ ಮತ್ತು ಮೂಲೆಯ ಜೋಡಣೆ ಮೊದಲು ಕೊಳೆಯುತ್ತವೆ. ಅಷ್ಟನ್ನೇ ಕತ್ತರಿಸಿ ಅದೇ ಜಾತಿಯ ಮರ ಬೆಸೆಯಬಹುದು. ಗಾಳಿ ನುಗ್ಗದಂತೆ ಸಂದಿ ಮುಚ್ಚಲು ಬ್ರಷ್ ಪಟ್ಟಿ ಇದೆ. ಶಬ್ದಕ್ಕೆ ಒಳಬದಿಯಲ್ಲಿ ಇನ್ನೊಂದು ಗಾಜಿನ ಪದರ ಕೂರಿಸಿ, ಎರಡರ ನಡುವೆ 100 ಮಿ.ಮೀ. ಅಥವಾ ಇನ್ನೂ ಜಾಸ್ತಿ ಜಾಗ ಬಿಟ್ಟರೆ ಫರಕು ಚೆನ್ನಾಗಿ ಗೊತ್ತಾಗುತ್ತದೆ. ನಾಳೆ ಬೇಡ ಅನ್ನಿಸಿದರೆ ಬಿಚ್ಚಿ ಇಡಬಹುದು.

ಒಂದು ಎಚ್ಚರಿಕೆ. ಹಳೇ ಬಣ್ಣದ ಪದರಗಳಲ್ಲಿ ಸೀಸ ಇರುವ ಸಾಧ್ಯತೆ ತುಂಬಾ ಇದೆ. ಟೆಸ್ಟ್ ಮಾಡಿಸಿ. ಒಣಗಿದ್ದನ್ನು ಮರಳು ಕಾಗದದಲ್ಲಿ ಉಜ್ಜುವುದು, ಬೆಂಕಿ ಹಿಡಿದು ಸುಡುವುದು ಎರಡೂ ಬೇಡ. ಒದ್ದೆ ಮಾಡಿಕೊಂಡು ಕೆರೆಯಬೇಕು, ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡಬಾರದು. ಹಳೇ ಕಲ್ನಾರು (ಆಸ್ಬೆಸ್ಟಾಸ್) ಶೀಟು, ಪೈಪಿಗೆ ಸುತ್ತಿದ ಹೊದಿಕೆ ಕಂಡರೂ ಪರೀಕ್ಷೆ ಆಗುವ ತನಕ ಕೊರೆಯಬೇಡಿ, ಒಡೆಯಬೇಡಿ.

ಫ್ಯೂಸ್_ಹೋಯ್ತು:
ವೈರಿಂಗ್ ವಿಷಯದಲ್ಲಿ ಹಳೇದರ ಮೇಲೆ ಪ್ರೀತಿ ಬೇಡವೇ ಬೇಡ, ಪೂರ್ತಿ ಕಿತ್ತು ಹಾಕಿ. ಆ ಕಾಲದ ವೈರಿಗೆ ರಬ್ಬರ್ ಹೊದಿಕೆ. ಒಣಗಿ, ಮುಟ್ಟಿದರೆ ಉದುರುತ್ತದೆ. ಅರ್ಥಿಂಗ್ ಇಲ್ಲದಿರುವುದೂ ಮಾಮೂಲು. ಹೊಸ ವೈರು, ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್), ಅಡುಗೆಮನೆಗೆ ಬೇರೆ ಸರ್ಕ್ಯೂಟ್. ಇದರಲ್ಲಿ ರಾಜಿ ಇಲ್ಲ. ಆದರೆ ಗೋಡೆಗಳನ್ನು ಅಡ್ಡಡ್ಡ ಕೊರೆಸಬೇಡಿ. ಹಳೇ ಲೈನ್ ಹೋದ ದಾರಿಯಲ್ಲೇ ಮೇಲ್ಮೈ ಪೈಪಿನಲ್ಲಿ ಎಳೆಸಿ, ಆ ಕಾಲದ ಮನೆಗೆ ಅದು ಒಪ್ಪುತ್ತದೆ ಕೂಡ. ಪೇಂಟಿಂಗ್‌ಗೆ ಮೊದಲು ಈ ಕೆಲಸ ಮುಗಿಯಬೇಕು.

ಅಟ್ಟದಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಕಿಟಕಿ ಉಳಿಯುತ್ತದೆ, ಮನೆಯವರೂ ಒಪ್ಪಿದರು. ಅಡುಗೆಮನೆ ಗೋಡೆ ಮಾತ್ರ ಬಾಕಿ. ಅದು ತೆಳ್ಳಗಿದೆ, ಭಾರ ಹೊತ್ತಿರಲಿಕ್ಕಿಲ್ಲ, ಒಡೆಯಬಹುದು ಅನ್ನುತ್ತಾರೆ ಕಂಟ್ರಾಕ್ಟರ್. ಮೊಸಾಯಿಕ್‌ನಲ್ಲಿ ಒಂದೆರಡು ಬಿರುಕೂ ಇದೆ.

ಕರಣೆ_ಮಟ್ಟಗೋಲು:
ತೆಳ್ಳಗಿದೆ ಅಂತ ನಂಬಬೇಡಿ. ಮೇಲಿನ ತೊಲೆ ಯಾವ ದಿಕ್ಕಿಗೆ ಹೋಗಿದೆ, ಅದರ ತುದಿ ಎಲ್ಲಿ ಕೂತಿದೆ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಹೇಳಲಿ. ಒಡೆಯಬಹುದು ಅಂದರೂ ಪೂರ್ತಿ ಒಡೆಸಬೇಡಿ. ಎರಡೂ ಬದಿ ಸ್ವಲ್ಪ ಗೋಡೆ, ಮೇಲೆ ಒಂದು ಪಟ್ಟಿ ಉಳಿಸಿ ಅಗಲವಾಗಿ ತೆರೆಸಿ. ಬೆಳಕು ಬರುತ್ತದೆ, ಎರಡು ಕೋಣೆ ಇದ್ದವು ಅನ್ನುವುದೂ ಗೊತ್ತಾಗುತ್ತದೆ. ಅಡುಗೆಮನೆಯ ಒಳಗೆ ಮಾತ್ರ ಎಷ್ಟು ಹೊಸದು ಬೇಕೋ ಅಷ್ಟು ಮಾಡಿಕೊಳ್ಳಿ, ಹಳೇ ಕಾಲದ ನಕಲು ಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಬುರ್ರಾ ಚಾರ್ಟರ್ ಅಂತ ಹಳೇ ಕಟ್ಟಡಗಳಿಗೆ ಒಂದು ಮಾರ್ಗಸೂಚಿ ಮಾಡಿದರು. ಅಗತ್ಯ ಇದ್ದಷ್ಟು ಬದಲಾಯಿಸಿ, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ಅದರ ಧೋರಣೆ. ಮನೆಗೂ ಅದು ಸಾಕು.

ಗೋಡೆ ತೆಗೆದ ಜಾಗದಲ್ಲಿ ಕೆಳಗೆ ಮೊಸಾಯಿಕ್ ಇರುವುದಿಲ್ಲ, ಖಾಲಿ ಪಟ್ಟಿ ಬೀಳುತ್ತದೆ. ಅಲ್ಲಿ ಹಳೇ ಡಿಸೈನ್ ಹೋಲಿಸಲು ಹೋಗದೆ ಒಂದೇ ಬಣ್ಣದ ಪಟ್ಟಿ ಹಾಕಿಸಿ. ಬಿರುಕಿಗೆ ಅದೇ ಬಣ್ಣದ ಸಿಮೆಂಟ್ ತುಂಬಿ ನೆಲವನ್ನು ತೆಳ್ಳಗೆ ಪಾಲಿಷ್ ಮಾಡಿಸಿ. ಆಸಿಡ್ ಹಾಕಿ ತೊಳೆಯುತ್ತೇವೆ ಅಂತ ಯಾರಾದರೂ ಬಂದರೆ ಒಳಗೇ ಬಿಡಬೇಡಿ, ಒಳಗಿರುವ ಅಮೃತಶಿಲೆಯ ಚೂರುಗಳನ್ನು ಅದು ತಿಂದು ಹಾಕುತ್ತದೆ.