ಸಹಾಯ ಬೇಕ್ರಿ: ಪ್ರೈಮರಿ ಸರ್ವರ್ ಬಿದ್ರೂ ಸ್ಟ್ಯಾಂಡ್‌ಬೈ ಏಳವಲ್ದು
ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗೋಳ ಬಿಲ್ಲಿಂಗ್ ಸರ್ವರ್ ನಾನು ಹುಬ್ಬಳ್ಳ್ಯಾಗ ಕುಂತ ನೋಡ್ಕೋತೇನಿ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಪ್ರೈಮರಿ (ಮುಖ್ಯ ಸರ್ವರ್) ಬಿದ್ರ ಸ್ಟ್ಯಾಂಡ್‌ಬೈನ (ಅದರ ನಕಲು ಇಟ್ಕೊಂಡಿದ್ದನ್ನ) ಮುಖ್ಯ ಮಾಡೋ ಪ್ಯಾಟ್ರೋನಿ, ಮುಖ್ಯ ಯಾವ್ದು ಅಂತ ಬಹುಮತದ ಮ್ಯಾಲೆ ಬರದಿಡೋ ಇಟಿಸಿಡಿ, ಮುಂದ ಕನೆಕ್ಷನ್ ಸರಿಯಾದ ಸರ್ವರಿಗೆ ಕಳಸೋ ಎಚ್‌ಎಪ್ರಾಕ್ಸಿ ಹಾಕೇನಿ, ಮಷೀನ್ ಮಾತ್ರ ಎರಡ ಅದಾವು, ಇಟಿಸಿಡಿನೂ ಅವೆರಡರ ಮ್ಯಾಲೇ ಐತಿ. ನಿನ್ನೆ ರಾತ್ರಿ ಟೆಸ್ಟ್ ಮಾಡಾಕಂತ ಪ್ರೈಮರಿದ್ ಪವರ್ ಕಿತ್ತೆ, 30 ಸೆಕೆಂಡ್ ಟಿಟಿಎಲ್ (ಪ್ರೈಮರಿ ಹಕ್ಕಿನ ಗಡುವು) ಮುಗೀತು, ಐದು ನಿಮಿಷ ಆತು, ಸ್ಟ್ಯಾಂಡ್‌ಬೈ ರೀಡ್ ಓನ್ಲಿ ಒಳಗ ಕುಂತ್ ಬಿಡ್ತು, ಲಾಗ್‌ನ್ಯಾಗ ಇಟಿಸಿಡಿಗೆ ಲೀಡರ್ ಇಲ್ಲ ಅಂತನ ಬರಾಕತ್ತಿತ್ತು. ಎರಡರಾಗ ಒಂದು ಹೋದ್ರ ಬಹುಮತ ಉಳಿಯಂಗಿಲ್ಲ, ಅದಕ್ಕ ಹಿಂಗಾತು ಅಂತ ಅನಸ್ತೈತಿ.

ಮೂರನೇ ಇಟಿಸಿಡಿ ಅಷ್ಟ ಒಂದು ಹಳೇ 4 ಜಿಬಿ ಡೆಸ್ಕ್‌ಟಾಪಿಗೆ ಹಾಕಿದ್ರ ನಡೀತೈತೇನ್ರಿ? ಅದರ ಹಾರ್ಡ್‌ಡಿಸ್ಕ್ ಭಾಳ ಸ್ಲೋ ಐತಿ, ಹಾರ್ಟ್‌ಬೀಟ್ (ನಡದೇನಿ ಅನ್ನೋ ಸಂಕೇತ) ತಪ್ಪಿ ಸುಳ್ಳ ಸುಳ್ಳ ಫೇಲೋವರ್ (ಸ್ಟ್ಯಾಂಡ್‌ಬೈ ಮುಖ್ಯ ಆಗೋದು) ಆದ್ರ ಅನ್ನೋದ ಚಿಂತಿ.

ಇನ್ನೊಂದು, ಸಿಂಕ್ರೋನಸ್ ಮೋಡ್ ಸ್ಟ್ರಿಕ್ಟ್ (ಬಿಲ್ಲ್ ಎರಡೂ ಕಡೆ ಬರದ ಮ್ಯಾಲೆನ ಸೈ ಅನ್ನೋದು) ಇಟ್ರ ಸ್ಟ್ಯಾಂಡ್‌ಬೈ ಬಿದ್ದಾಗ ಬಿಲ್ಲ್ ಬರಿಯೋದ ನಿಲ್ತೈತಿ, ಇಡದಿದ್ರ ಪ್ರೈಮರಿ ಬಿದ್ದಾಗ ಕಡೀ ಬಿಲ್ಲ್ ಹೋಗಬಹುದು. ರೈತ ರಾತ್ರಿಯೆಲ್ಲಾ ಗಾಡ್ಯಾಗ ಚೀಲ ಹೇರ್ಕೊಂಡ್ ಬಂದಿರ್ತಾನ್ರಿ, ಅವನ ತೂಕದ ಒಂದ್ ಚೀಟಿನೂ ಕಳೀಬಾರ್ದು. ಆವಕ ಜಾಸ್ತಿ ಆಗೋದ್ರಾಗ ಇದನ್ನ ಸರಿ ಮಾಡಬೇಕು. ಅಣ್ಣಾರ, ಅಕ್ಕಾರ, ಖರೇನ ನಡಸಿದವ್ರು ಯಾರರ ಇದ್ರ ನಿಮ್ಮ ಸೆಟ್ಟಿಂಗ್ ಏನೈತಿ ಸ್ವಲ್ಪ ಹೇಳ್ರಿ.